ಲೆಕ್ಕದ ಪುಸ್ತಕದಲ್ಲಿ ಆಟಕ್ಕೂ ಒಂದು ಸಾಲು

ಕಳೆದ ದೀಪಾವಳಿ ಮುಗಿದ ಮರುವಾರ, ಒಂದು ಸಂಜೆ, ಕುಷ್ಟಗಿಯಿಂದ ತಾಯಿ ಮತ್ತು ಮಗ ಕೊಪ್ಪಳದ ನಮ್ಮ ಮನೆಗೆ ಬಂದರು. ಮಗ ನನ್ನ ಹಳೆಯ ವಿದ್ಯಾರ್ಥಿ. ಪ್ರೌಢಶಾಲೆಯಲ್ಲಿ ನನ್ನ ಬಳಿ ಗಣಿತ ಕಲಿತವನು. ಮುಂದೆ ಸಿವಿಲ್ ಡಿಪ್ಲೊಮಾ ಮುಗಿಸಿ, ಈಗ ಕುಷ್ಟಗಿ, ಯಲಬುರ್ಗಾ ಸುತ್ತಲಿನ ಊರುಗಳಲ್ಲಿ ಮನೆ ಕಟ್ಟಿಸುವವರಿಗೆ ನಕಾಶೆ ತೆಗೆದುಕೊಡುತ್ತಾನೆ. ಈಚೆಗೆ ಜನ ಬರಿಯ ನಕಾಶೆಗೆ ತೃಪ್ತರಾಗುವುದಿಲ್ಲವಂತೆ. ಕಟ್ಟುವ ಮುಂಚೆಯೇ ಮನೆ ಹೇಗೆ ಕಾಣುತ್ತದೆ, ಗೋಡೆಗೆ ಯಾವ ಬಣ್ಣ, ಬಾಗಿಲಿಗೆ ಯಾವ ಬಿಸಿಲು ಎಂಬುದನ್ನೆಲ್ಲ ಫೋಟೊದಷ್ಟು ಸ್ಪಷ್ಟವಾಗಿ ನೋಡಬೇಕು. ಅದಕ್ಕಾಗಿ ಅವನಿಗೆ ಹೊಸ ಕಂಪ್ಯೂಟರ್ ಬೇಕಾಗಿತ್ತು.

ಚಹಾ ಕುಡಿದ ಮೇಲೆ ಅವನು ಅಂಗಡಿಯವರು ಬರೆದುಕೊಟ್ಟ ಪಟ್ಟಿಯನ್ನು ಮುಂದಿಟ್ಟನು. ಮೊತ್ತ ಎರಡೂವರೆ ಲಕ್ಷ ರೂಪಾಯಿ ದಾಟಿತ್ತು. ಅವನು ಕೂಡಿಟ್ಟದ್ದು 1.40 ಲಕ್ಷ. ಉಳಿದದ್ದು ಎಲ್ಲಿಂದ ಎಂದು ನಾನು ಕೇಳುವ ಮೊದಲೇ ತಾಯಿ ಹೇಳಿದರು: "ಮಾಸ್ತರ, ನನಗ ಇದೆಲ್ಲಾ ತಿಳಿಯೂದಿಲ್ರಿ. ಇವನ ಕೆಲಸಕ್ಕ ಬೇಕಂದ್ರ ಬೋರಮಾಳ ಒತ್ತಿ ಇಡಾಕ ನಾ ತಯಾರ ಅದೀನಿ. ಬೇಕೋ ಬ್ಯಾಡೋ, ಅಷ್ಟ ಹೇಳ್ರಿ."

ಪ್ರಶ್ನೆ ಇಷ್ಟೇ ಆಗಿತ್ತು. ಆದರೆ ಉತ್ತರ ಹುಡುಕುತ್ತ ನಾನು ಸುಮಾರು ಮೂರು ವಾರ ಕಳೆದೆ. ಅಷ್ಟರಲ್ಲಿ ಕಂಪ್ಯೂಟರಿನ ಬಗ್ಗೆ ಸ್ವಲ್ಪ ಕಲಿತೆ. ನನ್ನ ಬಗ್ಗೆ ಅದಕ್ಕಿಂತ ಹೆಚ್ಚು ಕಲಿತೆ. ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಇದೇ ಪಟ್ಟಿ, ಇದೇ ಪ್ರಶ್ನೆ ಇಂದಲ್ಲ ನಾಳೆ ಬರಬಹುದು. ಆದ್ದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಪಟ್ಟಿಯ ಮೊದಲ ಸಾಲಿನಲ್ಲಿ ಪ್ರೊಸೆಸರ್ ಇತ್ತು. ಎಎಂಡಿ ಕಂಪನಿಯ ರೈಜನ್ 9 9950ಎಕ್ಸ್3ಡಿ. 2025ರ ಮಾರ್ಚಿನಲ್ಲಿ ಮಾರುಕಟ್ಟೆಗೆ ಬಂದದ್ದು, ಹದಿನಾರು ಕೋರುಗಳು, ಅಮೆರಿಕದಲ್ಲಿ ಬಿಡುಗಡೆಯ ಬೆಲೆಯೇ 699 ಡಾಲರ್. ಹೆಸರಿನ ಕೊನೆಯ ಆ '3ಡಿ'ಯನ್ನು ಕಂಡು, ಮನೆಯ ಮೂರು ಆಯಾಮದ ಚಿತ್ರ ತೆಗೆಯಲೆಂದೇ ಮಾಡಿದ ವಿಶೇಷ ಚಿಪ್ ಇದಾಗಿರಬೇಕೆಂದು ನಾನು ಭಾವಿಸಿದೆ. ತಾಯಿಯೂ ಹಾಗೆಯೇ ತಿಳಿದಿದ್ದರು. ಹುಡುಗ ಮಾತಾಡಲಿಲ್ಲ. ಅವನ ಮೌನ ನನಗೆ ಅರ್ಥವಾದದ್ದು ಆಮೇಲೆ.

ನನಗೆ ತಿಳಿಯದಿದ್ದಾಗ ತಿಳಿದವರನ್ನು ಕೇಳಬೇಕು. ತಿಳಿದವನು ಗಂಗಾವತಿಯಲ್ಲಿದ್ದ. ಅಕ್ಕಿ ಗಿರಣಿಗಳ ಕಚೇರಿಗಳ ಕಂಪ್ಯೂಟರುಗಳನ್ನು ದುರಸ್ತಿ ಮಾಡುತ್ತ ಒಂದು ಚಿಕ್ಕ ಅಂಗಡಿ ಇಟ್ಟುಕೊಂಡಿದ್ದಾನೆ. ಅವನೂ ನನ್ನ ವಿದ್ಯಾರ್ಥಿಯೇ. ಆದರೆ ಅವನಿಗೆ ಫೋನ್ ಮಾಡಲು ನನ್ನ ಕೈ ಸ್ವಲ್ಪ ಹಿಂಜರಿಯಿತು. ಕಾರಣ ಹೇಳಿಬಿಡುತ್ತೇನೆ.

1998ರಲ್ಲಿ ನಾನಿದ್ದ ಶಾಲೆಗೆ ದಾನಿಗಳೊಬ್ಬರು ಒಂದು ಹಳೆಯ 486 ಕಂಪ್ಯೂಟರನ್ನು ಕೊಟ್ಟಿದ್ದರು. ಅದಕ್ಕೊಂದು ಬಟ್ಟೆಯ ಹೊದಿಕೆ, ಕೋಣೆಗೊಂದು ಬೀಗ. ಬೀಗದ ಕೈ ನನ್ನ ಕಿಸೆಯಲ್ಲಿ. ಆ ಪೆಟ್ಟಿಗೆಯ ಮುಂಭಾಗದಲ್ಲಿ 'ಟರ್ಬೊ' ಎಂಬ ಒಂದು ಗುಂಡಿಯೂ, 66 ಎಂಬ ಹಸಿರು ಅಂಕಿಯೂ ಇದ್ದವು. ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅದರಲ್ಲಿ ಆಟವಾಡುತ್ತ ಸಿಕ್ಕಿಬಿದ್ದ. ಸಿಟ್ಟಿನಿಂದ ಒಳಹೊಕ್ಕ ನನ್ನನ್ನು ಕಂಡು ಅವನು ಓಡಲಿಲ್ಲ. ಬದಲಿಗೆ ಒಂದು ಪ್ರಶ್ನೆ ಕೇಳಿದ. "ಸರ, ಈ ಗುಂಡಿ ಒತ್ತಿದ್ರ 66 ಹೋಗಿ 33 ಬರತೈತ್ರಿ. ಆಟದಾಗಿನ ಮನುಷ್ಯಾ ನಿಧಾನ ಓಡ್ತಾನ್ರಿ. ಯಾಕ್ರಿ?"

ನಾನು ಅಡಿಪಟ್ಟಿಯಿಂದ ಅವನ ಅಂಗೈಗೆ ಎರಡು ಕೊಟ್ಟೆ. ಆ ವರ್ಷವಿಡೀ ಅವನನ್ನು ಆ ಕೋಣೆಗೆ ಸೇರಿಸಲಿಲ್ಲ.

ಪ್ರೊಸೆಸರ್ ಎಂದರೇನು ಎಂಬುದರ ಬಗ್ಗೆ ಆ ಶಾಲೆಯಲ್ಲಿ ಯಾರಾದರೂ ಕೇಳಿದ ಏಕೈಕ ಒಳ್ಳೆಯ ಪ್ರಶ್ನೆ ಅದಾಗಿತ್ತು. ಹಿಂದಿನ ಕಾಲದ ಆಟಗಳಲ್ಲಿ ಪ್ರೊಸೆಸರಿನ ವೇಗವೇ ಗಡಿಯಾರ. ನಿಧಾನ ಯಂತ್ರಕ್ಕೆಂದು ಬರೆದ ಆಟವನ್ನು ವೇಗದ ಯಂತ್ರದಲ್ಲಿ ನಡೆಸಿದರೆ ಮನುಷ್ಯ ಹಿಡಿತ ತಪ್ಪಿ ಓಡುತ್ತಾನೆ. ಅದಕ್ಕಾಗಿ ಯಂತ್ರವನ್ನು ಬೇಕೆಂದೇ ನಿಧಾನಗೊಳಿಸುವ ವ್ಯವಸ್ಥೆ ಆ ಗುಂಡಿ. ಹೆಸರು ಮಾತ್ರ ವೇಗದ್ದು. ಇದು ನನಗೆ ಅಂದು ತಿಳಿದಿರಲಿಲ್ಲ. ತಿಳಿಯದು ಎನ್ನುವ ಬದಲು ಹೊಡೆದೆ.

ಇಪ್ಪತ್ತೇಳು ವರ್ಷಗಳ ನಂತರ ಫೋನಿನಲ್ಲಿ ಮೊದಲು ಆ ಉತ್ತರವನ್ನು ಕೊಟ್ಟೆ. ಅವನು ನಕ್ಕ. "ಗೊತ್ತೈತ್ರಿ ಸರ. ನಿಮಗ ಗೊತ್ತಿಲ್ಲ ಅನ್ನೋದು ಒಂದ ನನಗ ಅವಾಗ ಗೊತ್ತಿರಲಿಲ್ಲ" ಎಂದ. ನಂತರ ಪಟ್ಟಿಯನ್ನು ಓದಿ ಹೇಳಿದೆ. ಅವನು ಕೇಳಿದ ಮೊದಲ ಮಾತು: "ಸರ, ಆ ಹುಡುಗ ಆಟ ಆಡ್ತಾನೇನ್ರಿ?"

ಮರುದಿನ ಹುಡುಗನನ್ನು ನಾನು ಒಬ್ಬನನ್ನೇ ಕೇಳಿದೆ. "ತಮ್ಮಾ, ಈ ಹದಿನಾರು ಕೋರು ಯಾವ ನಕಾಶೆಗೆ? ಈ ಹೆಚ್ಚಿನ ಕ್ಯಾಶ್ ಯಾವ ಮನೆಗೆ?" ಅವನು ತಲೆ ತಗ್ಗಿಸಿದ. ಹಗಲು ನಕಾಶೆ, ರಾತ್ರಿ ಆಟ. ಆಟದ ಮಾತನ್ನು ಮನೆಯಲ್ಲಿ ಆಡಿರಲಿಲ್ಲ. ಅಂಗಡಿಯಲ್ಲಿ 'ಡಿಸೈನಿಗೂ ಆಗಬೇಕು, ಆಟಕ್ಕೂ ಆಗಬೇಕು' ಎಂದಿದ್ದ. ಎರಡಕ್ಕೂ ಎಲ್ಲಕ್ಕಿಂತ ದೊಡ್ಡದನ್ನು ಅವರು ಬರೆದುಕೊಟ್ಟಿದ್ದರು. ತಾಯಿಗೆ 'ಎಲ್ಲವೂ ಕೆಲಸಕ್ಕೆ' ಎಂದಿದ್ದ.

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಆಟವನ್ನು ಮುಚ್ಚಿಡಬೇಕೆಂದು ಅವನಿಗೆ ಕಲಿಸಿದವರಲ್ಲಿ ನಾನೂ ಒಬ್ಬ. ಬೀಗದ ಕೈ ನನ್ನ ಕಿಸೆಯಲ್ಲಿಯೇ ಇತ್ತು.

ನನ್ನ ಅಭಿಪ್ರಾಯದ ತಿರುಳು ಇದು: ಕೆಲಸಕ್ಕೂ ಆಟಕ್ಕೂ ಒಂದೇ ಯಂತ್ರ ಕೊಳ್ಳುವವರು ಮೊದಲು ಆಟವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು. ಬರೆದ ಆಟ ಅಗ್ಗ. ಮುಚ್ಚಿಟ್ಟ ಆಟ ಬಲು ದುಬಾರಿ. ಅದು ಕೆಲಸದ ವೇಷ ಹಾಕಿಕೊಂಡು ಬಂದು ಕೊರಳ ಒಡವೆಯನ್ನು ಕೇಳುತ್ತದೆ. ಇದು ಬರಿಯ ನೀತಿಯ ಮಾತಲ್ಲ. ಪ್ರೊಸೆಸರಿನ ಲೆಕ್ಕವೇ ಹಾಗಿದೆ ಎಂಬುದನ್ನು ಮುಂದೆ ತೋರಿಸುತ್ತೇನೆ.

ಕೋರ್ ಎಂದರೆ ಒಬ್ಬ ಆಳು ಎಂದಿಟ್ಟುಕೊಳ್ಳಿ. ಹದಿನಾರು ಕೋರ್ ಎಂದರೆ ಹದಿನಾರು ಆಳು. ಗಂಗಾವತಿಯ ಗದ್ದೆಗಳನ್ನು ಕಂಡವರಿಗೆ ಇದನ್ನು ಹೇಳುವುದು ಸುಲಭ. ನಾಟಿಗೆ ಹತ್ತು ಹೆಣ್ಣುಮಕ್ಕಳು ಎರಡು ದಿನ ಹಿಡಿದರೆ ಇಪ್ಪತ್ತು ಮಂದಿ ಒಂದೇ ದಿನದಲ್ಲಿ ಮುಗಿಸುತ್ತಾರೆ. ಆದರೆ ಮಡಿಯಲ್ಲಿ ಸಸಿ ನಾಟಿಯ ಹದಕ್ಕೆ ಬೆಳೆಯಲು ಇಪ್ಪತ್ತೈದು ದಿನ ಬೇಕೆಂದರೆ ಬೇಕು. ಗದ್ದೆಯ ಬದುವಿನಲ್ಲಿ ನೂರು ಮಂದಿ ನಿಂತರೂ ಸಸಿ ಒಂದು ದಿನ ಬೇಗ ಏಳುವುದಿಲ್ಲ. ಕಂಪ್ಯೂಟರಿನ ಕೆಲಸಗಳೂ ಹೀಗೆಯೇ: ಕೆಲವು ನಾಟಿಯ ಕೆಲಸಗಳು, ಕೆಲವು ಮಡಿಯ ಕೆಲಸಗಳು.

1967ರಲ್ಲಿ ಜೀನ್ ಆಮ್‌ಡಾಲ್ ಎಂಬ ಕಂಪ್ಯೂಟರ್ ತಜ್ಞರು ಮಂಡಿಸಿದ ಈ ತರ್ಕವು ಅವರ ಹೆಸರಿನಲ್ಲಿ ಸೂತ್ರವಾಗಿ ಉಳಿದಿದೆ. ಹತ್ತನೆಯ ತರಗತಿಯ ಬೀಜಗಣಿತ ಸಾಕು. ಒಂದು ಕೆಲಸದಲ್ಲಿ ನೂರಕ್ಕೆ 95 ಪಾಲು ಹಂಚಿಕೊಳ್ಳಲು ಬರುವಂಥದ್ದಾದರೆ, ಎಂಟು ಆಳುಗಳು ಅದನ್ನು 5.9 ಪಟ್ಟು ಬೇಗ ಮುಗಿಸುತ್ತಾರೆ. ಹದಿನಾರು ಆಳುಗಳು 9.1 ಪಟ್ಟು. ಇಲ್ಲಿ ಹೆಚ್ಚಿನ ಆಳುಗಳಿಗೆ ಕೂಲಿ ಕೊಡುವುದು ಸಾರ್ಥಕ. ನೂರಕ್ಕೆ 80 ಪಾಲು ಹಂಚಲು ಬಂದರೆ ಎಂಟು ಆಳುಗಳಿಗೆ 3.3 ಪಟ್ಟು, ಹದಿನಾರು ಆಳುಗಳಿಗೆ 4 ಪಟ್ಟು. ಕೂಲಿ ಇಮ್ಮಡಿ, ಲಾಭ ಐದನೆಯ ಒಂದು ಪಾಲು. ಇನ್ನು ನೂರಕ್ಕೆ 30 ಪಾಲು ಮಾತ್ರ ಹಂಚಲು ಬಂದರೆ ಎಂಟು ಆಳುಗಳಿಗೆ 1.36, ಹದಿನಾರಕ್ಕೆ 1.39. ಇಲ್ಲಿ ಎಂಟು ಆಳುಗಳು ಬದುವಿನ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿರುತ್ತಾರೆ. ಕೂಲಿ ಮಾತ್ರ ನೀವು ಕೊಟ್ಟಿದ್ದೀರಿ.

ಹಾಗಾದರೆ ಡಿಸೈನ್ ಕೆಲಸ ಯಾವ ಜಾತಿಯದು? ಇದೇ ಮುಖ್ಯ ಪ್ರಶ್ನೆ; ಇದಕ್ಕೆ ಒಂದೇ ಉತ್ತರವಿಲ್ಲ. ಆಟೋಕ್ಯಾಡಿನಲ್ಲಿ ಗೆರೆ ಎಳೆಯುವುದು, ರೆವಿಟ್‌ನಲ್ಲಿ ಒಂದು ಗೋಡೆ ಸರಿಸಿದಾಗ ಉಳಿದವೆಲ್ಲ ಸರಿಹೊಂದುವುದು, ಇವು ಬಹುಮಟ್ಟಿಗೆ ಮಡಿಯ ಕೆಲಸಗಳು. ಒಂದು ಲೆಕ್ಕ ಮುಗಿಯದೆ ಮುಂದಿನದು ಆರಂಭವಾಗದು. ಇಲ್ಲಿ ಬೇಕಾದದ್ದು ಒಬ್ಬ ಚುರುಕಾದ ಆಳು. ಪ್ರೊಸೆಸರಿನಿಂದಲೇ ಚಿತ್ರ ರೆಂಡರ್ ಮಾಡಿಸುವ ತಂತ್ರಾಂಶವಾದರೆ ಅದು ಅಪ್ಪಟ ನಾಟಿ. ಚಿತ್ರವನ್ನು ಚೌಕಗಳಾಗಿ ಹಂಚಿಕೊಂಡು ಎಲ್ಲ ಕೋರುಗಳೂ ದುಡಿಯುತ್ತವೆ. ಆದರೆ ಲ್ಯೂಮಿಯನ್, ಎನ್‌ಸ್ಕೇಪ್, ಟ್ವಿನ್‌ಮೋಷನ್‌ಗಳಂಥವುಗಳಲ್ಲಿ ಆ ದುಡಿಮೆಯೆಲ್ಲ ಗ್ರಾಫಿಕ್ಸ್ ಕಾರ್ಡಿನದು. ಬ್ಲೆಂಡರ್‌ನ ಸೈಕಲ್ಸ್‌ನಲ್ಲಿ ಯಾವುದರಿಂದ ಮಾಡಿಸಬೇಕೆಂಬುದನ್ನು ನೀವೇ ಆರಿಸಬಹುದು. ಆದ್ದರಿಂದ 'ಡಿಸೈನಿಗೆ ಹೆಚ್ಚು ಕೋರು ಬೇಕು' ಎಂಬ ಮಾತು ಅರ್ಧಸತ್ಯ. ಯಾವ ತಂತ್ರಾಂಶದ ಯಾವ ಗುಂಡಿಯನ್ನು ಒತ್ತಿ ನೀವು ಕಾಯುತ್ತ ಕೂರುತ್ತೀರಿ ಎಂಬುದನ್ನು ನೋಡಬೇಕು.

ಆಟದ ಸಂಗತಿ ಬೇರೆ. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದು ಚಿತ್ರದ ಲೆಕ್ಕವೂ ಸುಮಾರು 16.7 ಮಿಲಿಸೆಕೆಂಡುಗಳಲ್ಲಿ ಮುಗಿಯಬೇಕು. 144 ಚಿತ್ರಗಳಿಗಾದರೆ 6.9 ಮಿಲಿಸೆಕೆಂಡು. ಅಷ್ಟು ಕಡಿಮೆ ಹೊತ್ತಿನಲ್ಲಿ ಕೆಲಸವನ್ನು ಹದಿನಾರು ಆಳುಗಳಿಗೆ ಹಂಚಿ, ಮತ್ತೆ ಕೂಡಿಸಿ ತರಲು ವ್ಯವಧಾನವಿಲ್ಲ. 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಹಾಗೂ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎರಡರಲ್ಲಿಯೂ ಇರುವುದು ಎಂಟೇ ಕೋರುಗಳು. ದೊಡ್ಡ ಆಟಗಳನ್ನು ಬರೆಯುವವರು ಆ ಯಂತ್ರಗಳನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಬರೆಯುತ್ತಾರೆ. ಹೀಗಾಗಿ ಎಂಟರ ಆಚೆಗಿನ ಕೋರುಗಳಿಂದ ಆಟಕ್ಕೆ ಆಗುವ ಉಪಕಾರ ಅತ್ಯಲ್ಪ.

ಆಟಕ್ಕೆ ಉಪಕಾರವಾಗುವುದು ಕ್ಯಾಶ್. ಒಲೆಯ ಪಕ್ಕದ ಮಸಾಲೆ ಡಬ್ಬಿ ಇದ್ದಂತೆ ಇದು. ಡಬ್ಬಿಯಲ್ಲಿ ಇಲ್ಲದ್ದಕ್ಕೆ ಉಗ್ರಾಣಕ್ಕೆ, ಅಂದರೆ ರ್‍ಯಾಮಿಗೆ, ಹೋಗಬೇಕು. ಅಷ್ಟರಲ್ಲಿ ಒಗ್ಗರಣೆ ಸೀಯುತ್ತದೆ. ಎಂಟು ಕೋರಿನ ರೈಜನ್ 7 9700ಎಕ್ಸ್‌ನಲ್ಲಿ ಎಲ್ಲ ಕೋರುಗಳೂ ಹಂಚಿಕೊಳ್ಳುವ ಈ ಡಬ್ಬಿ 32 ಮೆಗಾಬೈಟಿನದು. 2024ರ ನವೆಂಬರಿನಲ್ಲಿ ಬಂದ 9800ಎಕ್ಸ್3ಡಿ ಕೂಡ ಎಂಟೇ ಕೋರಿನದು. ಆದರೆ ಡಬ್ಬಿ 96 ಮೆಗಾಬೈಟು. ಕೋರುಗಳ ಅಡಿಯಲ್ಲಿ ನೆಲಮಾಳಿಗೆಯಂತೆ ಕಟ್ಟಿದ ಈ ಹೆಚ್ಚುವರಿ ಕ್ಯಾಶಿನಿಂದಲೇ ಆ '3ಡಿ' ಎಂಬ ಹೆಸರು. ಮನೆಯ ಮೂರು ಆಯಾಮದ ಚಿತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ನಕಾಶೆಯ ಕೆಲಸಕ್ಕೆ ಅದರ ಲಾಭ ಅಷ್ಟಕ್ಕಷ್ಟೇ. ಆಟಕ್ಕೆ ಲಾಭ ಬಹಳ. ಅದೂ ಗ್ರಾಫಿಕ್ಸ್ ಕಾರ್ಡ್ ಬಲವಾಗಿದ್ದು, ಪರದೆಯೂ ವೇಗದ್ದಾಗಿದ್ದರೆ ಮಾತ್ರ.

ಆಟವನ್ನು ಮುಚ್ಚಿಟ್ಟದ್ದರ ಬೆಲೆ ಎಲ್ಲಿ ಬಿತ್ತೆಂದು ಈಗ ಗೊತ್ತಾಗುತ್ತದೆ. ಕೆಲಸದ ಹೆಸರಿನಲ್ಲಿ ಹದಿನಾರು ಕೋರು, ಹೇಳದೆ ಉಳಿದ ಆಟದ ಹೆಸರಿನಲ್ಲಿ ಹೆಚ್ಚಿನ ಕ್ಯಾಶ್. ಎರಡನ್ನೂ ಒಂದೇ ಚಿಪ್ಪಿನಲ್ಲಿ ಕೇಳಿದ್ದರಿಂದ ಅತಿ ದುಬಾರಿಯ ಚಿಪ್ ಪಟ್ಟಿಗೆ ಬಂದಿತ್ತು. ಅವನ ಕೆಲಸಕ್ಕೆ ಮೊದಲನೆಯದು ಬೇಕೇ, ಅವನ ಆಟಕ್ಕೆ ಎರಡನೆಯದು ಬೇಕೇ ಎಂದು ಯಾರೂ ಬಿಡಿಬಿಡಿಯಾಗಿ ಕೇಳಿರಲಿಲ್ಲ.

ಗಂಗಾವತಿಯವನು ಒಂದು ಉಪಾಯ ಹೇಳಿದ. "ಸರ, ಒಂದು ವಾರ ನೋಟ್‌ಬುಕ್ಕಿನಾಗ ಬರೀಲಿ. ಎಲ್ಲಿ ಕುಂತು ಕಾಯ್ತಾನ, ಎಷ್ಟು ಹೊತ್ತು ಕಾಯ್ತಾನ, ಅವಾಗ ಯಾವ ಭಾಗ ದುಡೀತಿರತೈತಿ. ಆಟದ್ದೂ ಬರೀಲಿ." ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪ್ರೊಸೆಸರ್, ರ್‍ಯಾಮ್, ಡಿಸ್ಕ್, ಗ್ರಾಫಿಕ್ಸ್ ಇವುಗಳ ಏರಿಳಿತವನ್ನು ಅದು ಬೇರೆ ಬೇರೆಯಾಗಿ ತೋರಿಸುತ್ತದೆ. ಪ್ರೊಸೆಸರಿನ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಒಂದೊಂದು ಕೋರಿನ ದುಡಿಮೆಯನ್ನೂ ಬಿಡಿಯಾಗಿ ನೋಡಬಹುದು. ಕಾಯುವಾಗ ಯಾವುದು ನೂರಕ್ಕೆ ನೂರು ಮುಟ್ಟಿರುತ್ತದೆಯೋ ಅದೇ ನಿಮ್ಮನ್ನು ಕಾಯಿಸುತ್ತಿರುವುದು.

ಹುಡುಗ ಶ್ರದ್ಧೆಯಿಂದ ಬರೆದ. ವಾರದ ಕೊನೆಗೆ ಮೂವರೂ ಕುಳಿತು ಕೂಡಿದೆವು. ಈ ಸಲ ತಾಯಿಯೂ ಇದ್ದರು. ಕಾಯ್ದದ್ದು ಒಟ್ಟು ಹನ್ನೆರಡು ತಾಸು. ಅದರಲ್ಲಿ ಏಳು ತಾಸು ಹಳೆಯ ಗ್ರಾಫಿಕ್ಸ್ ಕಾರ್ಡಿನಿಂದ. ಮೂರು ತಾಸು ರ್‍ಯಾಮ್ ತುಂಬಿ, ಹಳೆಯ ಹಾರ್ಡ್ ಡಿಸ್ಕ್ ಗುರುಗುಟ್ಟುತ್ತ ಕುಳಿತದ್ದರಿಂದ. ಒಂದೂವರೆ ತಾಸು ಒಂದೇ ಕೋರ್ ದುಡಿದು ಉಳಿದವು ಸುಮ್ಮನಿದ್ದ ಮಡಿಯ ಕೆಲಸ. ಎಲ್ಲ ಕೋರುಗಳೂ ದುಡಿದ ನಾಟಿಯ ಕೆಲಸ ಅರ್ಧ ತಾಸು ಮಾತ್ರ. ಎಂಟರ ಬದಲು ಹದಿನಾರು ಕೋರು ಕೊಂಡಿದ್ದರೆ ಉಳಿಯುತ್ತಿದ್ದದ್ದು ವಾರಕ್ಕೆ ಹೆಚ್ಚೆಂದರೆ ಹದಿನೈದು ನಿಮಿಷ!

ಕೊನೆಯ ಸಾಲು ಆಟದ್ದು: ವಾರಕ್ಕೆ ಹದಿನಾಲ್ಕು ತಾಸು. ಪಕ್ಕದಲ್ಲಿ, ಪರದೆ ಸೆಕೆಂಡಿಗೆ 60 ಚಿತ್ರಗಳಿಗಿಂತ ಹೆಚ್ಚು ತೋರಿಸದು ಎಂದೂ ಬರೆದಿದ್ದ. ತಾಯಿ ಆ ಸಾಲನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ "ಹದಿನಾಲ್ಕ ತಾಸ ಏನು? ಇವರಪ್ಪ ಇದಕ್ಕಿಂತ ಹೆಚ್ಚು ಇಸ್ಪೀಟಿಗೆ ಕುಂದರ್ತಿದ್ರು. ಇವ ಮನ್ಯಾಗರ ಇರ್ತಾನ" ಎಂದರು. ಹುಡುಗ ತಲೆಯೆತ್ತಿದ್ದು ಆಗಲೇ. ಅವನು ಎರಡು ವರ್ಷ ಮುಚ್ಚಿಟ್ಟ ಗುಟ್ಟಿಗೆ ತಾಯಿ ಕೊಟ್ಟ ಬೆಲೆ ಅಷ್ಟೇ ಆಗಿತ್ತು.

ಇನ್ನು ಯಾವ ಚಿಪ್ ಎಂಬ ವಿಚಾರ. ನಾವು ಒಪ್ಪಿದ್ದು ರೈಜನ್ 7 9700ಎಕ್ಸ್. 2024ರ ಆಗಸ್ಟಿನಲ್ಲಿ ಬಂದ ಎಂಟು ಕೋರಿನ ಚಿಪ್ಪು; ಒಂದೊಂದು ಕೋರೂ ಚುರುಕು. ಉಳಿದ ಹಣದ ದೊಡ್ಡ ಪಾಲು 16 ಜಿಬಿ ಸ್ಮರಣೆಯುಳ್ಳ ಗ್ರಾಫಿಕ್ಸ್ ಕಾರ್ಡಿಗೆ, ನಂತರ 32 ಜಿಬಿ ರ್‍ಯಾಮಿಗೆ, ಒಂದು ಒಳ್ಳೆಯ ಎಸ್‌ಎಸ್‌ಡಿಗೆ. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ಏರತೊಡಗಿದ್ದರಿಂದ 64 ಜಿಬಿಯ ಆಸೆಯನ್ನು ಮುಂದೂಡಿದೆವು. ಹೊಸ ಗ್ರಾಫಿಕ್ಸ್ ಕಾರ್ಡಿನಿಂದ ಆಟವೂ ತಾನಾಗಿಯೇ ಸುಧಾರಿಸುತ್ತದೆ. ಕೆಲಸದ ಕಾಯುವಿಕೆಯನ್ನು ಕಳೆಯಲು ಕೊಟ್ಟ ಹಣವೇ ಆಟಕ್ಕೂ ಸಲ್ಲುತ್ತದೆ. ಇದು ಒಂದೇ ಯಂತ್ರ ಕೊಳ್ಳುವುದರ ನಿಜವಾದ ಸೊಗಸು.

ಎಲ್ಲರಿಗೂ ಇದೇ ಸರಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿ ನಾಟಿಯ ಕೆಲಸ ದಿನಕ್ಕೆ ಮೂರು ನಾಲ್ಕು ತಾಸು ಬಂದರೆ, ಅಂದರೆ ಪ್ರೊಸೆಸರಿನಿಂದಲೇ ರೆಂಡರ್ ಮಾಡಿಸುವವರಾದರೆ, ಹನ್ನೆರಡು ಕೋರಿನ ರೈಜನ್ 9 9900ಎಕ್ಸ್ ಅಥವಾ ಹದಿನಾರರ 9950ಎಕ್ಸ್ ಕೊಳ್ಳಿ. ಹಣ ವಾಪಸು ಬರುತ್ತದೆ. 2024ರ ಅಕ್ಟೋಬರಿನಲ್ಲಿ ಬಂದ ಇಂಟೆಲ್‌ನ ಕೋರ್ ಅಲ್ಟ್ರಾ 7 265ಕೆ ಕೂಡ ಇಂಥವರಿಗೆ ಒಳ್ಳೆಯದು. ಅದರಲ್ಲಿ ಎಂಟು ದೊಡ್ಡ ಕೋರು, ಹನ್ನೆರಡು ಚಿಕ್ಕ ಕೋರು ಸೇರಿ ಇಪ್ಪತ್ತು. ಆಟದಲ್ಲಿ ಮಾತ್ರ ಅದು ಎಎಂಡಿಯ 3ಡಿ ಚಿಪ್ಪುಗಳಿಗಿಂತ ಹಿಂದೆ. ವೇಗದ ಪರದೆ, ಬಲವಾದ ಕಾರ್ಡ್ ಎರಡೂ ಇದ್ದು, ಆಟವೇ ಮುಖ್ಯವೆಂದು ಧೈರ್ಯವಾಗಿ ಬರೆದವರಿಗೆ 9800ಎಕ್ಸ್3ಡಿ. ಎರಡೂ ಕಡೆ ಲೆಕ್ಕ ಭಾರವಾಗಿ ಬಂದವರಿಗೆ ಮಾತ್ರ ಆ ಅಂಗಡಿಯ ಪಟ್ಟಿಯ 9950ಎಕ್ಸ್3ಡಿ. ಅದರಲ್ಲಿಯೂ ಹೆಚ್ಚಿನ ಕ್ಯಾಶ್ ಇರುವುದು ಹದಿನಾರರಲ್ಲಿ ಎಂಟು ಕೋರುಗಳ ಒಂದು ತುಂಡಿಗೆ ಮಾತ್ರ ಎಂಬುದು ನೆನಪಿರಲಿ. ಆಟವನ್ನು ಆ ಎಂಟರ ಕಡೆಗೇ ಕಳಿಸುವ ಹೊಣೆ ತಂತ್ರಾಂಶದ್ದು.

ಕಂಪನಿಯ ಭಕ್ತಿ ಬೇಡ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಚಿಪ್ಪುಗಳು ಅಧಿಕ ವೋಲ್ಟೇಜಿನಿಂದ ಕೆಡುತ್ತವೆಂಬುದು 2024ರಲ್ಲಿ ಬಯಲಾಯಿತು. ಕಂಪನಿಯೇ ಅದನ್ನು ಒಪ್ಪಿ, ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಬಗ್ಗೆ ಎಚ್ಚರವಿರಬೇಕು. ಹಾಗೆಂದು ಇಂಟೆಲನ್ನು ಹಳಿಯುವುದೂ ತರವಲ್ಲ. ಅದರ ಬೆಂಗಳೂರಿನ ತಂಡ ವಿನ್ಯಾಸಗೊಳಿಸಿದ ಆರು ಕೋರಿನ 'ಡನ್ನಿಂಗ್ಟನ್' ಪ್ರೊಸೆಸರ್ 2008ರಲ್ಲಿ ಹೊರಬಂದಿತು. ಎಎಂಡಿ ಕೂಡ 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಬೆಂಗಳೂರಿನಲ್ಲಿಯೇ ತೆರೆಯಿತು. ಇಬ್ಬರ ಮನೆಯಲ್ಲಿಯೂ ನಮ್ಮ ನಾಡಿನ ಮಕ್ಕಳು ದುಡಿಯುತ್ತಿದ್ದಾರೆ.

ನಮ್ಮ ಜಿಲ್ಲೆಯವರು ಗಮನಿಸಬೇಕಾದ ಎರಡು ಸಂಗತಿಗಳು ಅಂತರ್ಜಾಲದ ವಿಮರ್ಶೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮೊದಲನೆಯದು ಬಿಸಿಲು. ಚಿಪ್ಪುಗಳನ್ನು ಪರೀಕ್ಷಿಸುವವರು ಹೆಚ್ಚಾಗಿ ತಂಪು ಕೋಣೆಯಲ್ಲಿ ಪರೀಕ್ಷಿಸುತ್ತಾರೆ. ಅಲ್ಲಿ ಗಾಳಿ 22 ಡಿಗ್ರಿ ಎಂದಿಟ್ಟುಕೊಳ್ಳೋಣ. ಮೇ ತಿಂಗಳ ಮಧ್ಯಾಹ್ನ ಕುಷ್ಟಗಿಯ ಮಾಳಿಗೆಯ ಕೋಣೆಯಲ್ಲಿ 42. ಚಿಪ್ಪಿನ ಮಿತಿ 95 ಡಿಗ್ರಿ. ಉಷ್ಣವು ಎಷ್ಟು ಬೇಗ ಹೊರಹೋಗುತ್ತದೆಂಬುದು ಎರಡು ತಾಪಗಳ ಅಂತರವನ್ನು ಅವಲಂಬಿಸಿದೆ. ನ್ಯೂಟನ್ನರ ನಿಯಮ ನಿಮಗೆ ನೆನಪಿರಬೇಕು. ಅಲ್ಲಿ ಅಂತರ 73 ಡಿಗ್ರಿ, ಇಲ್ಲಿ 53. ಅದೇ ಕೂಲರ್ ಇಲ್ಲಿ ಹೊರಹಾಕಬಲ್ಲದ್ದು ನೂರಕ್ಕೆ 73 ಪಾಲು ಉಷ್ಣವನ್ನು ಮಾತ್ರ. ಮಿತಿ ಮುಟ್ಟಿದ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹಣ ಕೊಟ್ಟು ತಂದ ವೇಗ ಬೇಸಿಗೆಯಲ್ಲಿ ಇರುವುದಿಲ್ಲ. ಗ್ರಾನೈಟ್ ಲಾರಿಗಳು ಓಡಾಡುವ ರಸ್ತೆಯ ಬದಿಯ ಮನೆಯಾದರೆ ಧೂಳೂ ಸೇರಿತು. 9700ಎಕ್ಸ್‌ನ ಮೇಲೆ ನಮೂದಾಗಿರುವುದು 65 ವ್ಯಾಟ್. ಹದಿನಾರು ಕೋರಿನದರ ಮೇಲೆ 170. ಈ ಅಂತರ ನಮ್ಮಲ್ಲಿ ಸಣ್ಣದಲ್ಲ.

ಎರಡನೆಯದು ಕರೆಂಟು. ಸಾಮಾನ್ಯವಾಗಿ ಕೊಳ್ಳುವ 600 ವಿಎ ಯುಪಿಎಸ್ ಹೊರಬಲ್ಲದ್ದು ಸುಮಾರು 360 ವ್ಯಾಟ್. 65 ವ್ಯಾಟ್ ಎಂದು ಬರೆದ ಚಿಪ್ಪೂ ಪೂರ್ಣ ಒತ್ತಡದಲ್ಲಿ 88 ವ್ಯಾಟಿನವರೆಗೆ ಎಳೆಯುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ 180, ಪರದೆ ಮತ್ತು ಉಳಿದವಕ್ಕೆ ನೂರು ಹಿಡಿಯಿರಿ. ಅಷ್ಟರಲ್ಲಿಯೇ 368 ಆಯಿತು. ಆದ್ದರಿಂದ 1000 ವಿಎಗೆ ಕಡಿಮೆಯದು ಬೇಡ. ಕರೆಂಟು ಹೋದ ಕ್ಷಣದಲ್ಲಿ ಯುಪಿಎಸ್ ಕೈಕೊಟ್ಟರೆ ಹದಿನಾರು ಕೋರಿನ ಯಂತ್ರವೂ ಒಂದು ಕೋರಿನ ಯಂತ್ರವೂ ಒಂದೇ ವೇಗದಲ್ಲಿ ಆರುತ್ತವೆ.

"ಒಮ್ಮೆ ಕೊಂಡರೆ ಹತ್ತು ವರ್ಷ ನೋಡಬಾರದು, ದೊಡ್ಡದನ್ನೇ ಕೊಂಡುಬಿಡಿ" ಎನ್ನುವವರಿದ್ದಾರೆ. ನಮ್ಮ ಹಿರಿಯರು ತಾಮ್ರದ ಹಂಡೆಯನ್ನು ಹಾಗೆ ಕೊಳ್ಳುತ್ತಿದ್ದರು. ಚಿಪ್ ಹಂಡೆಯಲ್ಲ. 2022ರಲ್ಲಿ ಬಂದ ಎಎಂಡಿಯ ಎಎಂ5 ಸಾಕೆಟ್ಟಿಗೆ 2027 ಮತ್ತು ಅದರಾಚೆಗೂ ಹೊಸ ಚಿಪ್ಪುಗಳನ್ನು ಕೊಡುವುದಾಗಿ ಕಂಪನಿ ಹೇಳಿದೆ. ಇಂದು ಎಂಟು ಕೋರಿನದನ್ನು ಕೂರಿಸಿ, ನಾಲ್ಕು ವರ್ಷಗಳ ನಂತರ ನೋಟ್‌ಬುಕ್ಕಿನಲ್ಲಿ ನಾಟಿಯ ಕೆಲಸ ಹೆಚ್ಚಿದ್ದು ಕಂಡರೆ, ಅದೇ ಮದರ್‌ಬೋರ್ಡಿನಲ್ಲಿ ಚಿಪ್ಪನ್ನಷ್ಟೇ ಬದಲಿಸಬಹುದು. ಆ ಹೊತ್ತಿಗೆ ಅವನ ಗಳಿಕೆಯೂ ಹೆಚ್ಚಿರುತ್ತದೆ. ಇಂದಿನ ಕೆಲಸಕ್ಕೆ ಇಂದಿನ ಹಣ, ನಾಳೆಯ ಕೆಲಸಕ್ಕೆ ನಾಳೆಯ ಹಣ. ನಾಳೆಯ ಕೆಲಸಕ್ಕಾಗಿ ಇಂದು ತಾಯಿಯ ಒಡವೆಯನ್ನು ಒತ್ತೆ ಇಟ್ಟರೆ, ಬಡ್ಡಿ ಇಂದಿನಿಂದಲೇ ಓಡತೊಡಗುತ್ತದೆ. ಕೋರುಗಳು ಮಾತ್ರ ನಾಲ್ಕು ವರ್ಷ ಬದುವಿನ ಮೇಲೆ ಕುಳಿತಿರುತ್ತವೆ.

2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದಿದೆಯಲ್ಲ, ಹುಡುಗ ಅದೇ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಸಾಮಾನು ತಂದ. ಗಂಗಾವತಿಯವನು ಒಂದು ರವಿವಾರ ಬಂದು ಜೋಡಿಸಿಕೊಟ್ಟ. ಹಳೆಯ ಪರದೆಯನ್ನೇ ಉಳಿಸಿಕೊಂಡದ್ದರಿಂದ ಯುಪಿಎಸ್ ಸಹಿತ ಎಲ್ಲವೂ ಕೂಡಿಟ್ಟ ಹಣದೊಳಗೆ ಮುಗಿಯಿತು. ಜೋಡಿಸುವಾಗ ನಾನು ಪಕ್ಕದಲ್ಲಿ ಕುಳಿತು ಪ್ರತಿಯೊಂದಕ್ಕೂ "ಇದು ಯಾಕೆ?" ಎಂದು ಕೇಳಿದೆ. ಅವನು ಪ್ರತಿಯೊಂದಕ್ಕೂ ಉತ್ತರಿಸಿದ. ಒಮ್ಮೆಯೂ ಬೇಸರಿಸಲಿಲ್ಲ. ನಾನು ಅವನಿಗೆ ಅಂದು ಕೊಡಬೇಕಾಗಿದ್ದ ತಾಳ್ಮೆಯನ್ನು ಅವನು ನನಗೆ ಇಂದು ಕೊಟ್ಟ.

ಜನವರಿಯಲ್ಲಿ ಗವಿಮಠದ ಜಾತ್ರೆಯ ಗದ್ದಲದಲ್ಲಿ ಆ ತಾಯಿ ಸಿಕ್ಕಿದ್ದರು. ಮಗನ ಕೆಲಸ ಹೇಗಿದೆ ಎಂದು ಕೇಳಿದೆ. "ಚಲೋ ನಡದೈತ್ರಿ ಮಾಸ್ತರ. ರಾತ್ರಿ ಆಟಾನೂ ನಡದೈತಿ, ನೋಟ್‌ಬುಕ್ಕಿನಾಗ ಬರೀತಾನ" ಎಂದರು. ಕೊರಳಲ್ಲಿ ಬೋರಮಾಳ ಇತ್ತು.